ಕೇಳಿದರೆ, ಕೇಳಿದ್ದರೆ

ಫೆಬ್ರವರಿ 9

ಮನುಕುಲದ ಚರಿತ್ರೆಯನ್ನು ಬರೆಯುವವರು ಈ ದಿನವನ್ನು ಗುರುತು ಹಾಕಿಟ್ಟುಕೊಳ್ಳಲಿ. ಇಂದು ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ, ಇಸ್ಮಾಯಿಲಿಯಾ ಪಟ್ಟಣದ ಕಬ್ಬಿನ ಹಾಲಿನ ಅಂಗಡಿಯ ಮೇಲ್ಮಹಡಿಯಲ್ಲಿ, ಸಹಪಾಠಿಗಳ ಸಮಕ್ಷಮ, ಅರಬ್ಬಿ ವ್ಯಾಕರಣದ ಅಧ್ಯಾಪಕನಾದ ಮಿಸ್ಬಾಹ್ ಎಂಬ ನಾನು 'ಪ' ಎಂದೆ.

'ಬ' ಎಂದಲ್ಲ. 'ಪ' ಎಂದೇ.

ನಮ್ಮ ಅರಬ್ಬಿಯಲ್ಲಿ ಪಕಾರವಿಲ್ಲ. ಅದಿಲ್ಲದೆಯೇ ನಮ್ಮ ಹಿರಿಯರು ಕಾವ್ಯ ಬರೆದರು, ನಕ್ಷತ್ರಗಳಿಗೆ ಹೆಸರಿಟ್ಟರು, ಅಣ್ಣತಮ್ಮಂದಿರ ಜೊತೆ ಜಗಳವಾಡಿದರು. ಯಾರಿಗೂ ಏನೂ ಕಡಿಮೆ ಬೀಳಲಿಲ್ಲ. ಆದರೆ ಇಂಗ್ಲಿಷ್ ಕಲಿಸುವ ಮಿಸ್ಟರ್ ಶುಕ್ರಿಯವರಿಗೆ ಈ ವಾದ ರುಚಿಸುವುದಿಲ್ಲ. ಅವರು ಬಾಯಿಯ ಮುಂದೆ ಮೇಣದಬತ್ತಿ ಹಚ್ಚಿಡುತ್ತಾರೆ. ಪಕಾರ ಸರಿಯಾಗಿ ಬಂದರೆ ಬತ್ತಿ ಆರುತ್ತದೆ. ಬಕಾರವಾದರೆ ಸುಮ್ಮನೆ ತಲೆದೂಗುತ್ತದೆ. ಮೂರು ವಾರದಿಂದ ಆ ಬತ್ತಿ ನನ್ನ ಎದುರು ತಲೆದೂಗಿಕೊಂಡೇ ಇತ್ತು. ಇಂದು ಆರಿತು.

"ಮಬ್ರೂಕ್, ಉಸ್ತಾಜ್!" ಎಂದು ಮಿಸ್ಟರ್ ಶುಕ್ರಿ ಅಭಿನಂದಿಸಿದರು. ಮೇಷ್ಟರಾದ ನನ್ನನ್ನು ಊರವರು ಕರೆಯುವುದು ಉಸ್ತಾಜ್ ಎಂದೇ.

"ಅದು ಪಕಾರಕ್ಕೆ ಆರಿದ್ದಲ್ಲ ಮಿಸ್ಟರ್," ಎಂದು ಹಿಂದಿನ ಬೆಂಚಿನಿಂದ ಹೆಣ್ಣಿನ ದನಿ ಬಂತು. "ಉಸ್ತಾಜ್ ಬೇಜಾರಲ್ಲಿ ನಿಟ್ಟುಸಿರು ಬಿಟ್ರು. ನಾನು ನೋಡ್ದೆ."

ತರಗತಿಯೆಲ್ಲ ನಕ್ಕಿತು. ದನಿ ರಾವ್ಯಾ ಎಂಬುವರದು. ಪ್ರಾಂತ ಕಚೇರಿಯ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿರುವುದರಿಂದ ಊರೆಲ್ಲ ಅವರನ್ನು ಡಾಕ್ಟರಮ್ಮ ಎನ್ನುತ್ತದೆ. ವಯಸ್ಸು ನಲವತ್ತರ ಆಸುಪಾಸು. ಹಿರಿಯರ ಬಗ್ಗೆ ಗೌರವ ಸಾಲದು.

ಈ ವಯಸ್ಸಿನಲ್ಲಿ ನನಗೆ ಇಂಗ್ಲಿಷಿನ ಉನ್ನತ ಪರೀಕ್ಷೆ ಯಾಕೆ ಬೇಕು ಎಂಬುದನ್ನೂ ಬರೆದುಬಿಡುತ್ತೇನೆ. ಊರಿಗೆ ಹೊಸದಾಗಿ ಬಂದಿರುವ ದೊಡ್ಡ ಶಾಲೆಯಲ್ಲಿ ಅರಬ್ಬಿ ವಿಭಾಗಕ್ಕೆ ಮುಖ್ಯಸ್ಥರು ಬೇಕಂತೆ. ಆದರೆ ಉನ್ನತ ಇಂಗ್ಲಿಷಿನ ಪ್ರಮಾಣಪತ್ರ ಕಡ್ಡಾಯ. "ಯಾಕೆ?" ಎಂದು ಕೇಳಿದೆ. ಮಕ್ಕಳ ಅರಬ್ಬಿ ಯಾಕೆ ಕೆಟ್ಟುಹೋಗಿದೆ ಎಂಬುದನ್ನು ಅವರ ಅಪ್ಪ ಅಮ್ಮಂದಿರಿಗೆ ಇಂಗ್ಲಿಷಿನಲ್ಲಿ ವಿವರಿಸಬೇಕಂತೆ. ಅಪ್ಪ ಅಮ್ಮ ಇಬ್ಬರೂ ಇಸ್ಮಾಯಿಲಿಯಾದವರೇ.

ಫೆಬ್ರವರಿ 14

ಅನಾಹುತ. ಮಾತಿನ ಪರೀಕ್ಷೆಯನ್ನು ಒಬ್ಬೊಬ್ಬರಿಗೆ ಮಾಡುವುದಿಲ್ಲವಂತೆ, ಜೋಡಿ ಜೋಡಿಯಾಗಿ ಮಾಡುತ್ತಾರಂತೆ. ಇಬ್ಬರೂ ಎದುರುಬದುರು ಕೂತು ಒಂದು ವಿಷಯ ಚರ್ಚಿಸಿ ಒಂದು ತೀರ್ಮಾನಕ್ಕೆ ಬರಬೇಕು. ಮಿಸ್ಟರ್ ಶುಕ್ರಿ ಜೋಡಿಗಳನ್ನು ಓದಿದರು. ನನ್ನ ಜೋಡಿ ಡಾಕ್ಟರಮ್ಮ ರಾವ್ಯಾ.

"ಬೇರೆ ಯಾರೂ ಇಲ್ಲವೇ?" ಎಂದು ಕೇಳಿದೆ.

"ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ," ಎಂದರು ಆಕೆ.

ಅಭ್ಯಾಸಕ್ಕೆ ಜಾಗ ಎಲ್ಲಿ? ಅವರ ಅಂಗಡಿಯ ಕಟ್ಟೆಯೇ ಗತಿ. ನಾಲ್ಕು ಜನ ಬಂದುಹೋಗುವ ಜಾಗ, ಯಾರ ಬಾಯಿಗೂ ಆಹಾರವಾಗುವ ಭಯವಿಲ್ಲ. ಇವತ್ತು ಸಂಜೆ ಹೋದೆ. ನನಗೆ ಮೊದಲಿನಿಂದಲೂ ಶುದ್ಧ ಗ್ರಂಥಭಾಷೆಯಲ್ಲೇ ಮಾತಾಡುವ ಶಿಸ್ತು. ಬಾಗಿಲಲ್ಲಿ ನಿಂತು, "ತಮ್ಮ ಸಮಯಾವಕಾಶವು ಅನುಕೂಲಕರವಾಗಿರುವುದೇ?" ಎಂದು ವಿಚಾರಿಸಿದೆ.

ಕೆಮ್ಮಿನ ಔಷಧಿ ಕೊಳ್ಳುತ್ತಿದ್ದ ಹೆಂಗಸು ತಿರುಗಿ ನೋಡಿ, "ವಾರ್ತೆ ಶುರುವಾಯ್ತಾ?" ಎಂದಳು.

"ಒಳಗ್ ಬನ್ನಿ ಉಸ್ತಾಜ್, ಕೂತ್ಕೊಳ್ಳಿ," ಎಂದರು ರಾವ್ಯಾ, ನಗು ತಡೆದುಕೊಂಡು. "ನಿಮ್ಮ ಗುರಿ ಏನು ಅಂತ ಇಂಗ್ಲಿಷ್ನಲ್ಲಿ ಹೇಳಿ ನೋಡೋಣ."

ಪರೀಕ್ಷೆಯಲ್ಲಿ ಪಾಸಾಗುವುದೇ ನನ್ನ ಗುರಿ ಎಂದು ದೃಢವಾಗಿ ಹೇಳಿದೆ. ಆದರೆ ಎದುರಿಗೆ ಮೇಣದಬತ್ತಿ ಇರಲಿಲ್ಲ. 'ಪಾಸ್' ಹೋಗಿ 'ಬಾಸ್' ಆಯಿತು. ನಮ್ಮ ಬೀದಿಯ ಮಾತಿನಲ್ಲಿ ಬಾಸ್ ಎಂದರೆ ಮುತ್ತು ಕೊಟ್ಟ ಎಂದರ್ಥ. ಕೆಮ್ಮಿನ ಹೆಂಗಸು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಗೆ ಓಡಿದಳು.

ರಾವ್ಯಾ ಕಣ್ಣೊರೆಸಿಕೊಂಡು, "ಪರ್ವಾಗಿಲ್ಲ. ಗುರಿ ಕೆಟ್ಟದ್ದೇನಲ್ಲ," ಎಂದರು.

ಅವರ ಗುರಿ ಬೇರೆ. ಅಣ್ಣ ನ್ಯೂಜಿಲೆಂಡಿನಲ್ಲಿದ್ದಾನೆ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಇವರಿಗೆ ಕೆಲಸ ಸಿದ್ಧವಿದೆಯಂತೆ, ಈ ಪರೀಕ್ಷೆ ಪಾಸಾದರೆ ಸಾಕು. ಮದುವೆ ಮುರಿದು ಹತ್ತು ವರ್ಷವಾಯಿತು, ಇಲ್ಲಿ ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಇಲ್ಲ ಎಂದರು. ಒಳ್ಳೆಯದು. ಸ್ಪಷ್ಟ ಗುರಿಯಿರುವ ಜೋಡಿ ಸಿಕ್ಕಿದ್ದು ನನಗೂ ಅನುಕೂಲವೇ.

ಫೆಬ್ರವರಿ 22

ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲ ಹೇಳುವಾಗ 'ಇನ್ಶಾ ಅಲ್ಲಾ' ಸೇರಿಸಕೂಡದು ಎಂದು ಮಿಸ್ಟರ್ ಶುಕ್ರಿ ಕಟ್ಟಪ್ಪಣೆ ಮಾಡಿದ್ದಾರೆ. ಹೇಳಿದವರು ಎದ್ದು ನಿಲ್ಲಬೇಕು. ಇವತ್ತು ಪಾಠ ಮುಗಿಯುವ ಹೊತ್ತಿಗೆ ಇಡೀ ತರಗತಿ ನಿಂತಿತ್ತು. ಕೊನೆಗೆ ಮಿಸ್ಟರ್ ಶುಕ್ರಿಯವರೇ, "ನಾಳೆ ಇದೇ ಹೊತ್ತಿಗೆ ಸಿಗೋಣ, ಇನ್ಶಾ ಅಲ್ಲಾ," ಎಂದುಬಿಟ್ಟರು. ಕೂತಿದ್ದವರು ಅವರೊಬ್ಬರೇ, ಎದ್ದರು.

ದೇವರನ್ನು ಬಿಟ್ಟು ನಾಳೆಯ ಬಗ್ಗೆ ಮಾತಾಡುವ ಈ ಭಾಷೆಯವರಿಗೆ ಎಷ್ಟು ಧೈರ್ಯ! ನನಗಂತೂ ಬೆನ್ನಿಗೆ ಗೋಡೆಯಿಲ್ಲದೆ ಸ್ಟೂಲಿನ ಮೇಲೆ ಕೂತ ಹಾಗಾಗುತ್ತದೆ.

ಮಾರ್ಚ್ 3

ಮನೆಯಲ್ಲಿ ಧೂಪದ ಹೊಗೆ. ಅದಕ್ಕೆ ಕಾರಣ ಇಂಗ್ಲಿಷ್ ವ್ಯಾಕರಣ.

ಬೆಳಿಗ್ಗೆ ನಡುಮನೆಯಲ್ಲಿ ಶತಪಥ ಹಾಕುತ್ತ ಆಗದ ಸಂಗತಿಗಳ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. 'ನಾನು ಬೇಗ ಹೊರಟಿದ್ದರೆ ರೈಲು ಸಿಗುತ್ತಿತ್ತು', 'ಮಳೆ ಬಂದಿದ್ದರೆ ಬೆಳೆ ಆಗುತ್ತಿತ್ತು', ಹೀಗೆ. ಅಡಿಗೆಮನೆಯಿಂದ ಫೌಕಿಯಾ ಅಕ್ಕ ಬಂದಳು. ನಾನು ಮದುವೆಯಾದವನಲ್ಲ, ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ. ಅಥವಾ ಅವಳ ಆಳ್ವಿಕೆಯಲ್ಲಿ ನಾನಿದ್ದೇನೆ.

"ಏನೋ ಅದು ಬೆಳಿಗ್ಗೆಯಿಂದ ಗೊಣಗ್ತಾ ಇರೋದು? ಅರ್ಥ ಹೇಳು."

ಅರಬ್ಬಿಯಲ್ಲಿ ಹೇಳಿದೆ. ಹೇಳಬೇಕಾದರೆ 'ಲೌ' ಎಂಬ ಪದ ಬಳಸಲೇಬೇಕು. ಆಗದೇ ಹೋದದ್ದಕ್ಕೆ ನಾವು ಹೇಳುವ 'ಆಗಿದ್ದರೆ' ಅದೇ. ಅಕ್ಕ ಎದೆ ಮುಟ್ಟಿಕೊಂಡಳು.

"ಲೌ, ಲೌ, ಲೌ! ಲೌ ಅಂದ್ರೆ ಸೈತಾನನಿಗೆ ಬಾಗ್ಲು ತೆಗೆದ ಹಾಗೆ ಅಂತ ಅಮ್ಮ ಹೇಳ್ತಿರ್ಲಿಲ್ವಾ? ಬೆಳ್ಬೆಳಿಗ್ಗೆ ಮನೆ ತುಂಬಾ ಬಾಗ್ಲು ತೆಗೆದಿಟ್ಟಿದೀಯಲ್ಲೋ!"

"ಅಕ್ಕಾ, ಇದು ಪರೀಕ್ಷೆಗೆ ಬರುತ್ತದೆ."

"ಬರ್ತಾನೆ ಅನ್ನು," ಎಂದು ಅಕ್ಕ ಕೆಂಡದ ಮೇಲೆ ಧೂಪ ಹಾಕಿದಳು.

ವ್ಯಾಕರಣದ ದೃಷ್ಟಿಯಿಂದ ಒಂದು ಮಾತು. ನಮ್ಮ ಅರಬ್ಬಿಯಲ್ಲಿ ಆಗಬಹುದಾದದ್ದಕ್ಕೆ 'ಇದಾ', ಆಗದ್ದಕ್ಕೆ 'ಲೌ'. ಮಾತು ಶುರುವಾದ ಕೂಡಲೇ ಕೇಳುವವನಿಗೆ ಗೊತ್ತಾಗುತ್ತದೆ, ಆಸೆ ಇಟ್ಟುಕೊಳ್ಳಬೇಕೋ ಬೇಡವೋ ಎಂದು. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ 'ಇಫ್'. ಮಿಕ್ಕದ್ದೆಲ್ಲ ಕ್ರಿಯಾಪದದ ಬಾಲ ನೋಡಿ ಊಹಿಸಬೇಕು. ಇಂಥ ಬಡ ಭಾಷೆಯನ್ನು ಇಟ್ಟುಕೊಂಡು ಅವರು ಅರ್ಧ ಲೋಕ ಆಳಿದ್ದು ಹೇಗೆ?

ಮಾರ್ಚ್ 11

ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್, ಪುಟ್ ಅಪ್ ವಿತ್. ಒಂದೇ ಕ್ರಿಯಾಪದಕ್ಕೆ ಊರಲ್ಲಿರುವ ಬಾಲಗಳನ್ನೆಲ್ಲ ಕಟ್ಟಿ, ಒಂದೊಂದು ಬಾಲಕ್ಕೂ ಒಂದೊಂದು ಅರ್ಥ ಎಂದರೆ ಮನುಷ್ಯ ಬದುಕುವುದು ಹೇಗೆ? ತಲೆ ಕೆಟ್ಟು ಔಷಧಿ ಅಂಗಡಿಗೆ ಹೋದೆ.

"ಪುಟ್ ಅಪ್ ವಿತ್ ಅಂದ್ರೆ ಸಹಿಸ್ಕೊಳ್ಳೋದು," ಎಂದರು ರಾವ್ಯಾ. "ವಾಕ್ಯ ಮಾಡಿ."

"ನನ್ನ ಜೋಡಿಯನ್ನು ನಾನು ಸಹಿಸಿಕೊಳ್ಳುತ್ತಿದ್ದೇನೆ."

"ವ್ಯಾಕರಣ ಸರಿಯಿದೆ. ವಿಷಯ ಉಲ್ಟಾ."

ಬರಿಗೈಯಲ್ಲಿ ಹೊರಡುವುದು ಮರ್ಯಾದೆಯಲ್ಲವೆಂದು ಗಂಟಲಿನ ಮಾತ್ರೆಯ ಒಂದು ಪೊಟ್ಟಣ ಕೊಂಡೆ.

ಮಾರ್ಚ್ 19

"ಯಾರಿಗೋ ಕೆಮ್ಮು?" ಎಂದಳು ಅಕ್ಕ. ನನ್ನ ಮೇಜಿನ ಖಾನೆ ತೆಗೆದಿದ್ದಾಳೆ. ಅದರ ತುಂಬ ಗಂಟಲಿನ ಮಾತ್ರೆ, ಹತ್ತಿ, ಅಯೋಡಿನ್, ಮಗುವಿನ ಹೊಟ್ಟೆನೋವಿನ ನೀರು. ಇಂಗ್ಲಿಷ್ ಕಲಿಯುವವರಿಗೆ ಗಂಟಲು ಬೇಗ ಒಣಗುತ್ತದೆ ಎಂದೆ.

"ಹೊಟ್ಟೆನೋವಿನ ನೀರು?"

ಖಾನೆ ಮುಚ್ಚಿ ಬೀಗ ಹಾಕಿದೆ.

ಮಾರ್ಚ್ 24

ಶಾಲೆಯಲ್ಲಿ ಅರಬ್ಬಿ ಪತ್ರಿಕೆ ತಿದ್ದಿದೆ. ಪದಗಳ ಕೊನೆಯ ವಿಭಕ್ತಿ ಸ್ವರ ತಪ್ಪಿದವರಿಗೂ ಅರ್ಧ ಅಂಕ ಕೊಟ್ಟೆ. ಯಾಕೋ ಮೈ ಬೆಚ್ಚಗಿದೆ. ಜ್ವರವಿರಬೇಕು.

ಮಾರ್ಚ್ 25

ಜ್ವರವಿಲ್ಲ. ಡಾಕ್ಟರಮ್ಮನೇ ನೋಡಿ ಹೇಳಿದರು.

ಏಪ್ರಿಲ್ 4

ನಾಳೆ ವಸಂತದ ಹಬ್ಬ. ಹಿಂದಿನ ದಿನ ಕತ್ತಲಾಗುತ್ತಲೇ ಬೀದಿಬೀದಿಯಲ್ಲಿ ಹಳೆಯ ಇಂಗ್ಲಿಷ್ ಸೇನಾಧಿಕಾರಿಯ ಹುಲ್ಲಿನ ಬೊಂಬೆ ಸುಡುವುದು ಕಾಲುವೆ ತೀರದ ನಮ್ಮ ಊರುಗಳ ರೂಢಿ. ನಮ್ಮ ಬೀದಿಯ ಬೊಂಬೆಗೆ ನನ್ನ ಅಭ್ಯಾಸದ ಹಾಳೆಗಳನ್ನೆಲ್ಲ ತುರುಕೋಣವೆನ್ನಿಸಿತ್ತು. ಇಂಗ್ಲಿಷಿನವನು ತನ್ನ ವ್ಯಾಕರಣದ ಸಮೇತ ಉರಿದುಹೋಗಲಿ ಎಂದು.

ರಾವ್ಯಾ ಅಂಗಡಿ ಬಾಗಿಲು ಹಾಕಿ ನೋಡಲು ಬಂದಿದ್ದರು. ಪಟಾಕಿ ಹಾರುತ್ತಿತ್ತು, ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಹಾಕುತ್ತಿದ್ದರು.

"ನ್ಯೂಜಿಲೆಂಡ್ನಲ್ಲಿ ಇದೆಲ್ಲ ಇರುತ್ತಾ ಡಾಕ್ಟರಮ್ಮ?" ಎಂದೆ.

"ಅಲ್ಲಿ ಇಂಗ್ಲಿಷ್ನೋರನ್ನ ಸುಡಕ್ಕಾಗುತ್ತಾ? ಅವರೇ ಮನೆ ಯಜಮಾನ್ರು," ಎಂದರು. ಆಮೇಲೆ ಬೆಂಕಿ ನೋಡುತ್ತ, "ಅಲ್ಲಿ ಫೆಸೀಖ್ ಕೂಡ ಸಿಗಲ್ವಂತೆ," ಎಂದರು. ನಾಳೆ ತಿನ್ನುವ ಉಪ್ಪುಮೀನು. ಅದರ ವಾಸನೆಗೆ ನೆರೆಹೊರೆಯವರು ಪೊಲೀಸರನ್ನು ಕರೆಯುತ್ತಾರೆಂದು ಅಣ್ಣ ಎಚ್ಚರಿಸಿದ್ದಾನಂತೆ.

ಈಗ ನೋಡಿದರೆ ಮೇಲಿನ ಪ್ರಶ್ನೆಯನ್ನು ನಾನು ಆಡುಮಾತಿನಲ್ಲೇ ಕೇಳಿದ ಹಾಗಿದೆ. ಪಟಾಕಿ ಸದ್ದಿನಲ್ಲಿ ಗ್ರಂಥಭಾಷೆ ಕೇಳಿಸುವುದಿಲ್ಲ, ಅದಕ್ಕೇ ಇರಬೇಕು.

ಏಪ್ರಿಲ್ 15

ಐವತ್ತು ದಿನದ ಬಿಸಿಗಾಳಿ ಶುರುವಾಗಿದೆ. ಹಲ್ಲಿನ ಸಂದಿಯಲ್ಲೂ ಮರಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಪುಸ್ತಕ ತೆರೆದು ಮುಚ್ಚಿ ತೆರೆದೆ. ಔಷಧಿ ಅಂಗಡಿಯ ವಾರದ ರಜೆ ಇವತ್ತು. ಇದನ್ನು ಯಾಕೆ ಬರೆದೆ ಗೊತ್ತಿಲ್ಲ.

ಏಪ್ರಿಲ್ 24

ನನ್ನ ಜೋಡಿಯ ಬಗ್ಗೆ ನನಗೆ ಗಂಭೀರವಾದ ದೂರಿದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಸಂಜೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೊರಗೆ ಗಾಳಿ, ಬೀದಿಯೆಲ್ಲ ಹಳದಿ. ಒಬ್ಬರು ಚೀಟಿ ಎತ್ತಿ ವಿಷಯ ಓದುವುದು, ಇನ್ನೊಬ್ಬರು ಆ ಬಗ್ಗೆ ಕಲ್ಪನೆಯ ವಾಕ್ಯಗಳನ್ನು ಕಟ್ಟುವುದು, ಇದು ನಮ್ಮ ಅಭ್ಯಾಸದ ಕ್ರಮ. ನಾನು ಎತ್ತಿದ ಚೀಟಿಯಲ್ಲಿ, 'ಊರು ಬಿಡಲಿರುವವರನ್ನು ಏನು ತಡೆಯಬಹುದು?' ಎಂದಿತ್ತು. ರಾವ್ಯಾ ಇಂಗ್ಲಿಷಿನಲ್ಲಿ ಶುರುಮಾಡಿದರು. 'ನಾನು ಶ್ರೀಮಂತಳಾಗಿದ್ದರೆ ಹೋಗುತ್ತಿರಲಿಲ್ಲ.' ಸರಿ. 'ಅಮ್ಮ ಬದುಕಿದ್ದರೆ ಹೋಗುತ್ತಿರಲಿಲ್ಲ.' ಸರಿ. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಈ ಪಾಠದಲ್ಲಿ ಅವರು ಎಂದೂ ತಪ್ಪಿದವರೇ ಅಲ್ಲ.

ಆಮೇಲೆ ಕಟ್ಟೆಯ ಮೇಲಿನ ಮರಳನ್ನು ಬಟ್ಟೆಯಲ್ಲಿ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು:

'ನೀವು ಕೇಳಿದರೆ ನಾನು ಇಲ್ಲೇ ಇರುತ್ತೇನೆ.'

"ತಪ್ಪು," ಎಂದೆ. "ಇದು ಕಲ್ಪನೆಯ ವಾಕ್ಯ. ಕಾಲ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. 'ನೀವು ಕೇಳಿದ್ದರೆ ನಾನು ಇಲ್ಲೇ ಇರುತ್ತಿದ್ದೆ.' ಇನ್ನೊಮ್ಮೆ ಹೇಳಿ."

ಅವರು ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. ಇನ್ನೊಮ್ಮೆ ಹೇಳಿದರು, ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ:

'ನೀವು. ಕೇಳಿದರೆ. ನಾನು. ಇಲ್ಲೇ. ಇರುತ್ತೇನೆ.'

ಅದೇ ತಪ್ಪು! ನಾನು ಕೆಂಪು ಪೆನ್ನು ತೆಗೆದು, ಚೀಟಿಯ ಹಿಂದೆ ಸರಿಯಾದ ವಾಕ್ಯ ಬರೆದು, ಅಡಿಗೆರೆ ಎಳೆದು ಕೊಟ್ಟೆ.

ಅವರು ಅದನ್ನು ಓದಿದರು. "ನೀವೇ ಸರಿ ಉಸ್ತಾಜ್. ವ್ಯಾಕರಣ ನಿಮ್ದು," ಎಂದರು. ಅಷ್ಟರಲ್ಲಿ ಯಾರೋ ಕಣ್ಣಿಗೆ ಹಾಕುವ ಔಷಧಿ ಕೇಳಿಕೊಂಡು ಬಂದರು. ರಾವ್ಯಾ ಮತ್ತೆ ಈ ಕಡೆ ಬರಲಿಲ್ಲ.

ತಿದ್ದಿದರೆ ಇಷ್ಟು ಸಿಟ್ಟೇ? ನಾನು ಎಷ್ಟು ಸಲ ಮೇಣದಬತ್ತಿಯ ಮುಂದೆ ಮಾನ ಕಳೆದುಕೊಂಡಿಲ್ಲ?

ಏಪ್ರಿಲ್ 28

ಅಭ್ಯಾಸಕ್ಕೆ ಹೋದರೆ, "ಕ್ಷಮಿಸಬೇಕು, ದಾಸ್ತಾನಿನ ಪರಿಶೀಲನೆ ನಡೆಯುತ್ತಿರುವುದರಿಂದ ಇಂದು ಅವಕಾಶವಿರುವುದಿಲ್ಲ," ಎಂದರು. ಎರಡು ದಿನದ ಹಿಂದೆಯೂ ಅದನ್ನೇ ಹೇಳಿದ್ದರು, ಅದೇ ಮಾತುಗಳಲ್ಲಿ. ಗ್ರಂಥಭಾಷೆಯಲ್ಲಿ! ಒಂದು ಸ್ವರವೂ ತಪ್ಪಿರಲಿಲ್ಲ. ಇಷ್ಟು ಶುದ್ಧವಾದ ಅರಬ್ಬಿ ಕೇಳಿ ನನಗೆ ಸಂತೋಷವಾಗಬೇಕಿತ್ತು.

ಮೇ 1

ಮಿಸ್ಟರ್ ಶುಕ್ರಿಗೆ ದೂರು ಕೊಟ್ಟೆ. ಅವರು ಕೆಳಗಿನ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದರು. ಜೋಡಿ ಒಂದೇ ತಪ್ಪನ್ನು ಎರಡು ಸಲ ಮಾಡಿ, ತಿದ್ದಿದರೂ ಒಪ್ಪುವುದಿಲ್ಲವೆಂದೆ. ವಾಕ್ಯ ಏನೆಂದು ಕೇಳಿದರು. ಹೇಳಿದೆ.

ಮಿಸ್ಟರ್ ಶುಕ್ರಿ ಲೋಟ ಕೆಳಗಿಟ್ಟರು.

"ಉಸ್ತಾಜ್, ಅದು ತಪ್ಪಲ್ಲ."

"ಕಲ್ಪನೆಯ ವಾಕ್ಯದಲ್ಲಿ..."

"ಕಲ್ಪನೆ ಆದ್ರೆ ನೀವು ಹೇಳಿದ್ದು ಸರಿ. ನಿಜವಾಗ್ಲೂ ಆಗೋ ಮಾತಾದ್ರೆ ಅವ್ರು ಹೇಳಿದ್ದು ಸರಿ. ಹೇಳೋರ ಮನಸ್ಸಲ್ಲಿ ಏನಿದೆ ಅನ್ನೋದ್ರ ಮೇಲೆ ಹೋಗುತ್ತೆ. ಅಂದ್ ಹಾಗೆ, ಏನನ್ನ ಕೇಳಿದ್ರೆ ಇರ್ತೀನಿ ಅಂದ್ರು?"

"ವಾಕ್ಯದಲ್ಲಿ ಕರ್ಮಪದ ಇರಲಿಲ್ಲ," ಎಂದೆ.

ಮಿಸ್ಟರ್ ಶುಕ್ರಿ ಹಣೆ ಚಚ್ಚಿಕೊಂಡರು. ಆಮೇಲೆ ಅಂಗಡಿಯವನಿಗೆ, "ಇವ್ರಿಗೂ ಒಂದು ದೊಡ್ಡ ಲೋಟ ಕೊಡಪ್ಪ. ಬಿಸ್ಲಿಗೆ ತಲೆ ಸುತ್ತಿದೆ," ಎಂದರು.

ಮನೆಗೆ ಬಂದು ಅರಬ್ಬಿಯಲ್ಲಿ ಆ ವಾಕ್ಯ ಬರೆದು ನೋಡಿದೆ. ಅರಬ್ಬಿಯಲ್ಲಾಗಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಅವರು ಹೇಳಿದ್ದು 'ಇದಾ'. ನಾನು ಅದನ್ನು ಹೊಡೆದುಹಾಕಿ 'ಲೌ' ಎಂದು ತಿದ್ದಿದ್ದೇನೆ. ಕೆಂಪು ಶಾಯಿಯಲ್ಲಿ. ಅಡಿಗೆರೆ ಎಳೆದು.

ಮೇ 2

ಏನನ್ನೂ ಬರೆಯಲಾರೆ.

ಮೇ 3

ವಿಚಾರ ಮಾಡಿದೆ. ಅವರು ಆ ಅರ್ಥದಲ್ಲಿ ಹೇಳಿರಲಾರರು. ನಲವತ್ತಾರು ವರ್ಷದ, ತಲೆ ಮೇಲೆ ಕೂದಲಿಗಿಂತ ವ್ಯಾಕರಣ ಸೂತ್ರಗಳೇ ಹೆಚ್ಚಾಗಿರುವ ಮನುಷ್ಯನಿಗೆ ಅಂಥ ಮಾತು ಯಾರಾದರೂ ಯಾಕೆ ಹೇಳುತ್ತಾರೆ? ಹೇಳಿದ್ದರೂ ಈಗ ಕೇಳುವುದು ಧರ್ಮವಲ್ಲ. ಪರೀಕ್ಷೆ ಹತ್ತಿರವಿದೆ. ಪಾಸಾಗುವ ಹೆಂಗಸಿನ ತಲೆ ಕೆಡಿಸಿ ಕೆಲಸ ತಪ್ಪಿಸಿದರೆ ನಾಳೆ ಅವರೇ ನನ್ನನ್ನು ಶಪಿಸುತ್ತಾರೆ. ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಹೀಗೆ ತೀರ್ಮಾನಿಸಿದ ಮೇಲೆ ಮನಸ್ಸು ಶಾಂತವಾಗಬೇಕಿತ್ತು. ನಡುಮನೆಯಲ್ಲಿ ನನ್ನ ಓಡಾಟ ನೋಡಿ ಅಕ್ಕ, "ನಿಂಗೆ ಕಾಲಲ್ಲಿ ಚಕ್ರ ಇದೆಯೇನೋ? ಜಮಖಾನ ಸವೆದುಹೋಗುತ್ತೆ, ಕೂತ್ಕೊ," ಎಂದಳು. ಕೂತೆ. ಎದ್ದೆ.

ಮೇ 15

ಕೈರೋದಲ್ಲಿ ಪರೀಕ್ಷೆ. ಬರವಣಿಗೆಯ ಪತ್ರಿಕೆಗಳು ಹೇಗೋ ಮುಗಿದವು. ಮಧ್ಯಾಹ್ನ ಮಾತಿನ ಪರೀಕ್ಷೆ.

ಪರೀಕ್ಷಕಿ ಬೆಳ್ಳಿಕೂದಲಿನ ಹೆಂಗಸು, ದನಿ ಮೆತ್ತಗೆ. ನನ್ನ ಪಕ್ಕದಲ್ಲಿ ರಾವ್ಯಾ, ನೀಲಿ ತಲೆವಸ್ತ್ರ. ಎರಡು ವಾರದಿಂದ ನಾವು ಮಾತಾಡಿದ್ದು ಮಿಸ್ಟರ್ ಶುಕ್ರಿಯ ತರಗತಿಯಲ್ಲಿ, ಎಲ್ಲರ ಮುಂದೆ, ವಾಯುಮಾಲಿನ್ಯದ ಬಗ್ಗೆ ಮಾತ್ರ.

ಪರೀಕ್ಷಕಿ ವಿಷಯ ಕೊಟ್ಟರು: ಒಂದು ಊರಿನಲ್ಲಿ ಮನುಷ್ಯ ನೆಲೆನಿಲ್ಲುವುದು ಯಾವುದರಿಂದ? ಕೆಲಸ, ಮನೆ, ಹವಾಮಾನ, ಜನ. ಇಬ್ಬರೂ ಚರ್ಚಿಸಿ ಒಂದನ್ನು ಆರಿಸಿ.

ರಾವ್ಯಾ ಕೆಲಸದ ಬಗ್ಗೆ ಹೇಳಿದರು. ಒಳ್ಳೆಯ ಇಂಗ್ಲಿಷು, ನೀರು ಹರಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ನಿಯಮದ ಪ್ರಕಾರ, "ನೀವೇನಂತೀರಿ?" ಎಂದರು.

"ಪೀಪಲ್," ಎಂದೆ.

ಎರಡೂ ಪಕಾರ. ಬತ್ತಿಯಿದ್ದಿದ್ದರೆ ಎರಡು ಸಲ ಆರುತ್ತಿತ್ತು.

ಅದಕ್ಕೆ ಕಾರಣಗಳನ್ನು ಹೇಳಬೇಕಿತ್ತು. ನನ್ನ ಬಾಯಿಂದ ಇನ್ನೊಂದು ಶಬ್ದ ಹೊರಡಲಿಲ್ಲ. ಉನ್ನತ ಮಟ್ಟದ ಪದಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೂ ಮುಂದೆ ಬರಲಿಲ್ಲ. ರಾವ್ಯಾ ಕಾದರು. ಪರೀಕ್ಷಕಿ ಕಾದರು. ಗೋಡೆಯ ಮೇಲಿನ ಫ್ಯಾನು ಆ ಕಡೆ ಈ ಕಡೆ ತಲೆಯಾಡಿಸಿತು. ಕೊನೆಗೆ ರಾವ್ಯಾ ಮೆಲ್ಲಗೆ, "ನನ್ನ ಜೋಡಿ ಹೇಳುವುದು ನಿಜ ಇರಬಹುದು. ಆದರೆ ಜನ ಅದನ್ನು ಬಾಯಿಬಿಟ್ಟು ಹೇಳಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಮೌನವನ್ನು ಮುಚ್ಚಿದರು.

"ಹಾಗಾದರೆ ತೀರ್ಮಾನ?" ಎಂದರು ಪರೀಕ್ಷಕಿ.

"ಕೆಲಸ," ಎಂದರು ರಾವ್ಯಾ. ನಾನು ತಲೆಯಾಡಿಸಿದೆ. ಚರ್ಚೆಯಲ್ಲಿ ಸಹಮತ ತೋರಿದರೆ ಅಂಕ ಬರುತ್ತದೆ.

ಹೊರಗೆ ಅವರ ಚಿಕ್ಕಪ್ಪನ ಮಗನ ಕಾರು ಕಾಯುತ್ತಿತ್ತು. "ಪಕಾರ ಚೆನ್ನಾಗ್ ಬಂತು," ಎಂದರು. ಮೂರು ವಾರದಲ್ಲಿ ಮೊದಲ ಸಲ ಆಡುಮಾತು. ನಾನು ಹೇಳಬೇಕೆಂದಿದ್ದು ಏನೋ. ಹೇಳಿದ್ದು, "ಪ್ರಯಾಣ ಸುಖಕರವಾಗಲಿ."

"ಇಸ್ಮಾಯಿಲಿಯಾಗೇ ಹೋಗ್ತಿರೋದು ಉಸ್ತಾಜ್," ಎಂದರು. "ಇವತ್ತಿಗೆ."

ಜೂನ್ 6

ಫಲಿತಾಂಶ ಬಂದಿಲ್ಲ. ಶಾಲೆಗೆ ರಜೆ. ಔಷಧಿ ಅಂಗಡಿಯ ಬೀದಿಯಲ್ಲಿ ಹೋಗುವುದಿಲ್ಲವೆಂದು ನಿರ್ಧರಿಸಿ, ಸುತ್ತುಬಳಸಿ ಹೋಗಿ, ಅದೇ ಬೀದಿಗೆ ಬಂದೆ. ಗಾಜಿಗೆ ಒಂದು ಚೀಟಿ ಅಂಟಿಸಿದ್ದಾರೆ: 'ಅಂಗಡಿ ಮಾರಾಟಕ್ಕಿದೆ, ಒಳಗೆ ವಿಚಾರಿಸಿ.' ಒಳಗೆ ವಿಚಾರಿಸಲಿಲ್ಲ.

ಜೂನ್ 13

ಊಟದ ಹೊತ್ತಿಗೆ ಅಕ್ಕ ಇದ್ದಕ್ಕಿದ್ದಂತೆ, "ಪರೀಕ್ಷೆ ಮುಗೀತಲ್ಲ, ಇನ್ನೂ ಯಾಕೋ ಲೌ ಲೌ ಅಂತ ಮುಖ ಮಾಡ್ಕೊಂಡಿದೀಯ?" ಎಂದಳು.

"ನಾನೇನೂ ಅಂದಿಲ್ಲ."

"ಬಾಯಲ್ಲಿ ಅಂದಿಲ್ಲ." ಅಕ್ಕ ರೊಟ್ಟಿ ಮುರಿದು ನನ್ನ ಕಡೆ ತಳ್ಳಿದಳು. "ನಿಮ್ಮ ಭಾವನಿಗೆ ಎದೆನೋವು ಬಂದಾಗ ಬೆಳಿಗ್ಗೆ ಹೋಗೋಣ ಅಂದ್ರು, ನಾನು ಹೂಂ ಅಂದೆ. ಆಮೇಲೆ ಒಂದು ವರ್ಷ ಲೌ ಅಂತ ಅತ್ತೆ. ಲೌ ಅನ್ನೋದು ಮುಗಿದ್ ಮೇಲೆ ಹೇಳೋ ಮಾತು ಕಣೋ. ನಿಂದೇನಾದ್ರೂ ಮುಗೀದೇ ಇರೋದು ಇದ್ರೆ ಎದ್ದು ಹೋಗಿ ಮುಗಿಸ್ಕೊಂಡು ಬಾ. ನನ್ ಮನೇಲಿ ಧೂಪ ಖಾಲಿಯಾಗಿದೆ."

ಅಕ್ಕನಿಗೆ ಎಷ್ಟು ಗೊತ್ತು, ಯಾರು ಹೇಳಿದರು, ಕೇಳಲಿಲ್ಲ. ಕೇಳುವುದು ನನ್ನ ಕೈಲಾಗದ ಕೆಲಸವೆಂದು ಈಚೆಗೆ ಸಾಬೀತಾಗಿದೆ.

ಜೂನ್ 24

ಬೆಳಿಗ್ಗೆ ಫಲಿತಾಂಶ ಬಂತು. ಪಾಸ್. ಮಾತಿನ ಪರೀಕ್ಷೆಯಲ್ಲಿ 'ಉಚ್ಚಾರಣೆ ಉತ್ತಮ, ವಿಷಯ ವಿಸ್ತರಣೆ ಸಾಲದು' ಎಂದು ಬರೆದಿದ್ದಾರೆ. ನ್ಯಾಯವಾದ ಮಾತು.

ಹೊಸ ಶಾಲೆಯವರಿಗೆ ಫೋನು ಮಾಡಬೇಕಿತ್ತು, ಮಾಡಿಲ್ಲ. ಬೇಳೆ ಸಾರಿಗೆ ಇಟ್ಟು ಅಕ್ಕ ಪಕ್ಕದ ಮನೆಗೆ ಹೋಗಿದ್ದಾಳೆ. ಸಣ್ಣ ಉರಿಯಲ್ಲಿ ಕುದಿಸು, ಮೇಲಿನ ನೊರೆ ತೆಗೆ, ಒಲೆ ಬಿಟ್ಟು ಅಲ್ಲಾಡಬೇಡ ಎಂದು ಅಪ್ಪಣೆಯಾಗಿದೆ.

ಅಷ್ಟರಲ್ಲಿ ಫೋನಿಗೆ ಸಂದೇಶ ಬಂತು. ರಾವ್ಯಾ. ಅಕ್ಷರ ಅಕ್ಷರವಾಗಿ ಇಲ್ಲಿ ನಕಲು ಮಾಡುತ್ತೇನೆ:

'ನಾನೂ ಪಾಸ್. ಟಿಕೆಟ್ ತಗೊಳ್ಲಾ ಅಂತ ಅಣ್ಣ ಕೇಳ್ತಿದಾನೆ. ಇವತ್ತು ಸಂಜೆ ಒಳಗೆ ಹೇಳ್ಬೇಕು. ನಿಮ್ಗೆ ತಿಳಿಸೋಣ ಅನ್ಸ್ತು.'

ಇದನ್ನು ವಾಕ್ಯ ವಾಕ್ಯವಾಗಿ ವಿಶ್ಲೇಷಿಸಿದೆ. ಮೊದಲನೆಯದು ಮಾಹಿತಿ. ಎರಡನೆಯದು ಅಣ್ಣನ ಪ್ರಶ್ನೆ. ಮೂರನೆಯದು ಗಡುವು. ನಾಲ್ಕನೆಯದಕ್ಕೆ ವ್ಯಾಕರಣದ ಯಾವ ಅಗತ್ಯವೂ ಇಲ್ಲ. ಅದನ್ನು ತೆಗೆದುಹಾಕಿದರೂ ಅರ್ಥ ಕೆಡುವುದಿಲ್ಲ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ 'ಅನಾವಶ್ಯಕ' ಎಂದು ಅಂಚಿನಲ್ಲಿ ಬರೆಯುತ್ತಿದ್ದೆ.

ಆ ನಾಲ್ಕನೆಯ ವಾಕ್ಯವನ್ನೇ ನೋಡುತ್ತ ಕೂತಿದ್ದೇನೆ.

ಉತ್ತರ ಬರೆಯಲು ಶುರುಮಾಡಿದೆ. 'ತಮ್ಮ ಯಶಸ್ಸಿಗೆ ಹಾರ್ದಿಕ ಅಭಿನಂದನೆಗಳು' ಎಂದು ಬರೆದು ಅಳಿಸಿದೆ. 'ತಾವು ಇಲ್ಲಿಯೇ ಇದ್ದಿದ್ದರೆ' ಎಂದು ಬರೆದೆ. ಅದು ಲೌ, ಅಳಿಸಿದೆ. 'ನಾನು ಕೇಳುವುದಾದರೆ' ಎಂದು ಬರೆದೆ. ಕೇಳುವವನು ಕೇಳುವುದಾದರೆ ಎಂದು ಯಾಕೆ ಹೇಳಬೇಕು, ಕೇಳಿದರೆ ಆಯಿತಲ್ಲ? ಅಳಿಸಿದೆ. ಇಂಗ್ಲಿಷಿನಲ್ಲಿ ಪ್ರಯತ್ನಿಸಿದೆ. ವಿಲ್, ವುಡ್, ವುಡ್ ಹ್ಯಾವ್. ಎಲ್ಲವೂ ನನಗೆ ಬರುತ್ತದೆ, ಪ್ರಮಾಣಪತ್ರವೇ ಇದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ಷರತ್ತು ಬೇಡ. ಕಾಲವೂ ಬೇಡ. ಮಧ್ಯಮ ಪುರುಷ, ನಿಷೇಧ, ಒಂದೇ ಪದ. ಅದೂ ಗ್ರಂಥಭಾಷೆಯಲ್ಲಲ್ಲ, ಗ್ರಂಥಭಾಷೆಯಲ್ಲಿ ಹೇಳಿದರೆ ಅವರು ನಗುತ್ತಾರೆ. ಬೀದಿಯಲ್ಲಿ ಹೇಳುವ ಹಾಗೆ. ಹೋಗ್ಬೇಡಿ. ಬರೆದು ನೋಡಿದರೆ ಎಷ್ಟು ಚಿಕ್ಕದಾಗಿದೆ. ಇದನ್ನು ಫೋನಿನಲ್ಲಿ ಕಳಿಸುವಂತಿಲ್ಲ. ಓದುವವರು ಯಾವ ದನಿಯಲ್ಲಿ ಓದಿಕೊಳ್ಳುತ್ತಾರೋ ಏನೋ. ಎದುರಿಗೆ ನಿಂತೇ ಹೇಳಬೇಕು, ಕೆಮ್ಮಿನ ಗಿರಾಕಿಗಳು ಎಷ್ಟೇ ಜನ ಇರಲಿ. ಆಮೇಲೆ ಅವರು ಏನು ಹೇಳುತ್ತಾರೆ ಎಂಬುದು ನನ್ನ ಪಾಠಕ್ಕೆ ಸೇರಿದ್ದಲ್ಲ.

ಮೂರೂವರೆ. ಸಂಜೆ ಎಂದರೆ ಎಷ್ಟು ಗಂಟೆ? ಅವರು ಹೇಳಿಲ್ಲ. ಅಣ್ಣನ ಊರಿನಲ್ಲಿ ಈಗಾಗಲೇ ನಾಳೆಯಾಗಿರುತ್ತದೆ. ಷೂಸು ಹಾಕಿಕೊಳ್ಳುತ್ತಲೇ ಇದನ್ನು ಬರೆಯುತ್ತಿದ್ದೇನೆ, ಎಡಗಾಲಿನದು ಸಿಕ್ಕಿದೆ, ಬಲಗಾಲಿನದು

ಸಿಕ್ಕಿತು. ಎರಡೂ.

ಇದನ್ನು ಓದುತ್ತಿರುವವರು ಯಾರೇ ಆಗಿರಿ, ದಯವಿಟ್ಟು ಅಡಿಗೆಮನೆಗೆ ಹೋಗಿ ಒಲೆ ಆರಿಸಿ. ಬೇಳೆ ತಳ ಹಿಡಿಯುತ್ತಿದೆ.